ಮಧುಮೇಹವೂ ಮದ್ಯ ಮುಟ್ಟದವರ ಯಕೃತ್ತೂ

ಊರಿನ ಗೃಹಸ್ಥರೊಬ್ಬರು ಯಕೃತ್ತಿನ ರೋಗದಿಂದ ತೀರಿಕೊಂಡರೆಂಬ ಸುದ್ದಿ ಬಂದೊಡನೆ ಕಟ್ಟೆಯ ಮೇಲೆ ಕುಳಿತವರು ಕೇಳುವ ಮೊದಲ ಪ್ರಶ್ನೆ ಒಂದೇ: “ಕುಡೀತಿದ್ರೇನು?” ಇಲ್ಲವೆಂಬ ಉತ್ತರ ದೊರೆತರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಗುಟ್ಟಾಗಿ ಕುಡಿಯುತ್ತಿದ್ದಿರಬೇಕೆಂಬ ಸಂಶಯ ಒಂದು ಬಾಯಿಂದ ಇನ್ನೊಂದು ಕಿವಿಗೆ ಹರಿಯುತ್ತದೆ. ಜೀವಮಾನವೆಲ್ಲ ಹೆಂಡದಂಗಡಿಯ ನೆರಳನ್ನೂ ತುಳಿಯದ ಮನುಷ್ಯನು ಹೀಗೆ ಸತ್ತಮೇಲೆ ಕುಡುಕನೆಂಬ ಅಪವಾದ ಹೊರಬೇಕಾಗುತ್ತದೆ. ಆ ಮನೆಯವರು ತಲೆ ತಗ್ಗಿಸಿ ನಡೆಯಬೇಕಾಗುತ್ತದೆ.

ಈ ಅಪವಾದ ಅನ್ಯಾಯವಾದುದು. ಆದರೆ ಅದರ ಹಿಂದಿರುವ ತಪ್ಪು ತಿಳಿವಳಿಕೆ ಅದಕ್ಕಿಂತಲೂ ಅಪಾಯಕಾರಿಯಾದುದು. ಯಕೃತ್ತು ಕೆಡುವುದು ಕುಡಿತದಿಂದ ಮಾತ್ರ ಎಂದು ನಂಬಿದವನು, ತಾನು ಕುಡಿಯದಿರುವುದರಿಂದ ತನಗೆ ಭಯವಿಲ್ಲವೆಂದು ತೀರ್ಮಾನಿಸುತ್ತಾನೆ. ಮದ್ಯ ಮುಟ್ಟದ, ಮಾಂಸ ತಿನ್ನದ, ನೇಮನಿಷ್ಠೆಗಳಿಂದ ಬಾಳುವ ಮನೆತನಗಳಲ್ಲಿ ಈ ನಿಶ್ಚಿಂತೆ ಇನ್ನೂ ಗಟ್ಟಿಯಾಗಿರುತ್ತದೆ. ಅಂಥ ಮನೆಯ ಹಿರಿಯರಿಗೆ ಹತ್ತು ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು, ಅದು ಹತೋಟಿಗೆ ಬಾರದೆ ಹೋದಲ್ಲಿ, ಅವರ ಯಕೃತ್ತು ಕುಡುಕನ ಯಕೃತ್ತಿನಂತೆಯೇ ಕೆಡಬಲ್ಲದು. ಈ ಸಂಗತಿಯನ್ನು ಕುಮಾರಪಟ್ಟಣದಂಥ ಊರು ಇಂದು ತಿಳಿಯಲೇಬೇಕಾಗಿದೆ.

ವೈದ್ಯಶಾಸ್ತ್ರಕ್ಕೂ ಇದು ಬಹುಕಾಲ ಅರಿವಾಗಿರಲಿಲ್ಲ ಎಂಬುದು ಗಮನಾರ್ಹ. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು 20 ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅವರ ಯಕೃತ್ತಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡುದು ಕುಡುಕರ ಯಕೃತ್ತಿನ ಚಿತ್ರವೇ. ಆದರೆ ಅವರು ಕುಡಿಯುವವರಾಗಿರಲಿಲ್ಲ. ಹೆಚ್ಚಿನವರು ಸ್ಥೂಲಕಾಯರು, ಹಲವರಿಗೆ ಮಧುಮೇಹವಿತ್ತು. ಅಂದಿನಿಂದ ಈ ರೋಗಕ್ಕೆ ‘ಮದ್ಯಜನ್ಯವಲ್ಲದ ಕೊಬ್ಬಿನ ಯಕೃತ್ತು’ ಎಂಬ ಅರ್ಥದ ಹೆಸರು ಬಳಕೆಗೆ ಬಂತು. ಆ ಹೆಸರಿನಲ್ಲಿಯೂ ಮದ್ಯದ ನೆರಳಿತ್ತು. ಹೆಸರು ರೋಗಿಗೆ ಕಳಂಕ ತರುವಂತಿದೆಯೆಂಬ ಕಾರಣವೂ ಸೇರಿ, 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ತು ತಜ್ಞರ ಸಂಘಗಳು ಅದನ್ನು ಕೈಬಿಟ್ಟು, ದೇಹದ ಚಯಾಪಚಯದ ಏರುಪೇರಿನಿಂದ ಬರುವ ರೋಗವೆಂಬುದನ್ನು ಸೂಚಿಸುವ ಹೊಸ ಹೆಸರನ್ನಿಟ್ಟವು. ವಿದ್ವಾಂಸರು ಹೆಸರನ್ನು ತಿದ್ದಿದ್ದಾರೆ. ಕಟ್ಟೆಯ ಮಾತು ಇನ್ನೂ ತಿದ್ದಿಕೊಳ್ಳಬೇಕಾಗಿದೆ.

ಸಕ್ಕರೆಗೂ ಯಕೃತ್ತಿಗೂ ಏನು ಸಂಬಂಧವೆಂದು ಕೇಳುವವರುಂಟು. ಈ ಸೀಮೆಯ ಹಿರಿಯರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ಅವರು ಹಗೇವನ್ನು ಕಂಡವರು. ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ, ಬೇಕಾದಾಗ ತೆಗೆದು ಉಣ್ಣುತ್ತಿದ್ದ ಕಾಲವೊಂದಿತ್ತು. ಯಕೃತ್ತು ದೇಹದ ಹಗೇವು. ಪ್ರಾಯದ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗವು, ಉಂಡ ಅನ್ನದಿಂದ ಬಂದ ಸಕ್ಕರೆಯಲ್ಲಿ ಒಂದಷ್ಟನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ರಾತ್ರಿ ಹೊಟ್ಟೆ ಬರಿದಾದಾಗ ಅದನ್ನು ಬಿಚ್ಚಿ ರಕ್ತಕ್ಕೆ ಕೊಡುತ್ತದೆ. ಯಕೃತ್ತೇ ಸಕ್ಕರೆಯನ್ನು ತಯಾರಿಸುತ್ತದೆಂಬುದನ್ನು ಫ್ರಾನ್ಸಿನ ಕ್ಲೋದ್ ಬರ್ನಾರ್ 1848ರಲ್ಲಿ ತೋರಿಸಿಕೊಟ್ಟನು.

ಈ ಹಗೇವಿನ ಬಾಗಿಲು ಕಾಯುವುದು ಇನ್ಸುಲಿನ್. ಅದು ಸಾಕಷ್ಟಿಲ್ಲದಿದ್ದರೆ, ಅಥವಾ ಇದ್ದರೂ ಅದರ ಮಾತು ನಡೆಯದಿದ್ದರೆ, ಬೇಡದ ಹೊತ್ತಿನಲ್ಲಿಯೂ ಬಾಗಿಲು ತೆರೆದೇ ಇರುತ್ತದೆ. “ರಾತ್ರಿ ಒಂದೇ ರೊಟ್ಟಿ ತಿಂದು ಮಲಗಿದರೂ ಬೆಳಿಗ್ಗೆ ಸಕ್ಕರೆ ಹೇಗೆ ಏರಿತು?” ಎಂದು ಬೆರಗಾಗುವ ರೋಗಿಗೆ ಉತ್ತರ ಇಲ್ಲಿದೆ: ಆ ಸಕ್ಕರೆಯಲ್ಲಿ ಬಹುಪಾಲು ಅವನು ತಿಂದದ್ದಲ್ಲ, ಅವನ ಯಕೃತ್ತು ಸುರಿದದ್ದು. ಒಂದು ಕಡೆ ಹೀಗೆ ಸಕ್ಕರೆ ಸುರಿಯುತ್ತಿರುವಾಗಲೇ ಮತ್ತೊಂದು ಕಡೆ ಯಕೃತ್ತಿನ ಕಣಗಳಲ್ಲಿ ಕೊಬ್ಬು ತುಂಬುತ್ತದೆ. ಹೊಟ್ಟೆಯ ಸುತ್ತಿನ ಬೊಜ್ಜಿನಿಂದ ಹರಿದು ಬರುವ ಕೊಬ್ಬೂ, ಹೆಚ್ಚಾದ ಹಿಟ್ಟು ಸಕ್ಕರೆಗಳಿಂದ ಯಕೃತ್ತು ತಾನೇ ತಯಾರಿಸುವ ಕೊಬ್ಬೂ ಅಲ್ಲಿ ಜಮೆಯಾಗುತ್ತವೆ. ಎಣ್ಣೆ ತುಪ್ಪಗಳನ್ನು ಬಿಟ್ಟು ಬರಿಯ ಅನ್ನ, ಬೆಲ್ಲ, ಸಕ್ಕರೆಯ ಚಹಾ ಇವುಗಳಲ್ಲಿಯೇ ಬದುಕುವವನ ಯಕೃತ್ತಿನಲ್ಲಿಯೂ ಕೊಬ್ಬು ಸೇರುವುದು ಹೀಗೆ.

ಕೊಬ್ಬು ಸೇರಿದ ಎಲ್ಲರ ಯಕೃತ್ತೂ ಕೆಡುವುದಿಲ್ಲವೆಂಬುದನ್ನು ಹೇಳದಿದ್ದರೆ ವೃಥಾ ಭಯ ಹುಟ್ಟಿಸಿದಂತಾದೀತು. ಹೆಚ್ಚಿನವರಲ್ಲಿ ಅದು ಮೊದಲ ಹಂತದಲ್ಲಿಯೇ ನಿಲ್ಲುತ್ತದೆ. ಕೆಲವರಲ್ಲಿ ಮಾತ್ರ ಉರಿಯೂತವಾಗಿ, ಉರಿಯೂತ ಮಾಗಿದಲ್ಲಿ ಗಾಯದ ಕಲೆಯಂಥ ನಾರು ಬೆಳೆದು, ವರ್ಷಗಳು ಕಳೆದಂತೆ ಮೆತ್ತಗಿದ್ದ ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಮಧುಮೇಹ ಇದ್ದವರಲ್ಲಿ ಈ ನಡಿಗೆಯ ವೇಗ ಹೆಚ್ಚು. ಕೊನೆಯ ಹಂತದಲ್ಲಿ ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ, ರಕ್ತ ವಾಂತಿ, ಬುದ್ಧಿಭ್ರಮಣೆ ಕಾಣಿಸಿಕೊಳ್ಳಬಹುದು. ಕೆಲವರಿಗೆ ಯಕೃತ್ತಿನ ಅರ್ಬುದವೂ ಬರಬಹುದು. ಇಲ್ಲಿ ಒಂದು ವಿಪರೀತವನ್ನು ಮನೆಯವರು ಅರಿತಿರಬೇಕು. ವರ್ಷಗಟ್ಟಲೆ ಹತೋಟಿಗೆ ಬಾರದ ಸಕ್ಕರೆ, ಔಷಧ ಪಥ್ಯಗಳಲ್ಲಿ ಯಾವ ಬದಲಾವಣೆಯೂ ಇಲ್ಲದೆ, ತಾನಾಗಿಯೇ ಇಳಿಯತೊಡಗಿದರೆ ಮನೆಯಲ್ಲಿ ಸಂತೋಷವಾಗುತ್ತದೆ. ಅದು ಯಾವಾಗಲೂ ಶುಭಶಕುನವಲ್ಲ. ಹಗೇವೇ ಬರಿದಾಗಿ ಕುಸಿಯುತ್ತಿರುವುದರ ಅಥವಾ ಮೂತ್ರಪಿಂಡಗಳು ಸೋತಿರುವುದರ ಸೂಚನೆ ಅದಾಗಿರಬಹುದು. ಆಗ ವೈದ್ಯರ ಬಳಿಗೆ ಓಡಬೇಕೇ ಹೊರತು ಹೋಳಿಗೆ ಮಾಡಬಾರದು.

ರೋಗದ ವ್ಯಾಪ್ತಿ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದ 1,13,043 ಜನರನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ ವಯಸ್ಕರ ಪೈಕಿ ಶೇಕಡ 38ಕ್ಕಿಂತ ಹೆಚ್ಚು ಜನರ ಯಕೃತ್ತಿನಲ್ಲಿ ಕೊಬ್ಬು ಕಂಡುಬಂದಿತು. ಜಗತ್ತಿನಾದ್ಯಂತ ಎರಡನೆಯ ಬಗೆಯ ಮಧುಮೇಹ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಇದೆಯೆಂದು 2019ರ ಮತ್ತೊಂದು ವಿಮರ್ಶೆ ಲೆಕ್ಕಹಾಕಿತು. ಭಾರತ ಸರ್ಕಾರವು 2021ರಲ್ಲಿಯೇ ಈ ರೋಗವನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿ, 2024ರಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನು ಹೊರಡಿಸಿತು. ಕಾಗದದ ಮೇಲಿನ ಈ ಜಾಗೃತಿ ಹೊಳೆದಂಡೆಯ ಹಳ್ಳಿಯವರೆಗೆ ತಲುಪಬೇಕಾದರೆ ನಡುವೆ ಯಾರಾದರೂ ಕೈಗೂಡಿಸಬೇಕಾಗುತ್ತದೆ.

ಈ ಸೀಮೆಯ ಬದುಕು ಐವತ್ತು ವರ್ಷಗಳಲ್ಲಿ ಎಷ್ಟು ಬದಲಾಯಿತೆಂಬುದನ್ನು ಹಿರಿಯ ಶಿಕ್ಷಕರು ಕಣ್ಣಾರೆ ಕಂಡಿದ್ದಾರೆ. 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾದ ಮೇಲೆ ಸುತ್ತಲಿನ ಒಕ್ಕಲುತನದ ಮನೆಗಳಿಗೆ ತಿಂಗಳ ಸಂಬಳವೂ ಪಾಳಿಯ ದುಡಿಮೆಯೂ ಬಂದವು. ಸಂಬಳ ಮಕ್ಕಳನ್ನು ಓದಿಸಿತು. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಎಲ್ಲಿಯ ಕಾರ್ಖಾನೆಯಾದರೂ ಸರಿ, ರಾತ್ರಿ ಪಾಳಿಯ ದುಡಿಮೆ ನಿದ್ರೆ ಊಟಗಳ ಕ್ರಮವನ್ನು ಕೆಡಿಸುತ್ತದೆ, ಅಂಥವರಲ್ಲಿ ಮಧುಮೇಹ ಹೆಚ್ಚು ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಕುಳಿತ ವರ್ತಕನಿಗೂ, ರಾಣೆಬೆನ್ನೂರಿನ ಬೀಜದಂಗಡಿಯ ಗುಮಾಸ್ತನಿಗೂ, ಕುರ್ಚಿ ಬಿಡದ ಉಪಾಧ್ಯಾಯನಿಗೂ ಮೈಯ ದುಡಿಮೆ ತಪ್ಪಿದೆ. ತಾಟಿನಲ್ಲಿ ಜೋಳದ ರೊಟ್ಟಿ ಪುಂಡಿಪಲ್ಯ ಇದ್ದ ಕಡೆ ಬಿಳಿಯ ಅನ್ನದ ರಾಶಿ ಬಂದಿದೆ. ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ, ಗಂಟೆಗೊಂದು ಸಕ್ಕರೆ ಚಹಾ, ಮದುವೆ ಜಾತ್ರೆಗಳಲ್ಲಿ ಗೋಧಿ ಹುಗ್ಗಿ. ಬೇಡವೆಂದ ಅತಿಥಿಗೆ “ಒಂದು ಹೋಳಿಗಿಗೆ ಏನಾಗತೈತಿ, ತಗೋರಿ” ಎಂಬ ಒತ್ತಾಯ. ಮಧುಮೇಹಿಯ ತಾಟಿಗೆ ಬೀಳುವ ಆ ಒತ್ತಾಯದ ಹೋಳಿಗೆ ಪ್ರೀತಿಯ ವೇಷ ತೊಟ್ಟ ನಿರ್ದಯತೆಯೆಂದರೆ ತಪ್ಪಾಗಲಾರದು.

ರೋಗದ ಗುಣವೇ ಮೌನ. ಯಕೃತ್ತು ನೋಯುವುದಿಲ್ಲ, ದೂರುವುದಿಲ್ಲ. ಕಣ್ಣು ಹಳದಿಯಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆಗಲೂ ಅನೇಕರು ಮೊದಲು ಹುಡುಕುವುದು ಕಾಮಾಲೆಗೆ ಸೊಪ್ಪು ಅರೆದು ಕೊಡುವವರನ್ನು. ಸೋಂಕಿನಿಂದ ಬಂದ ಸಾಧಾರಣ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುವುದರಿಂದ ಸೊಪ್ಪಿಗೆ ಕೀರ್ತಿ ಬಂದಿದೆ. ಗಡುಸಾದ ಯಕೃತ್ತಿಗೆ ಆ ಕೀರ್ತಿಯಿಂದ ಪ್ರಯೋಜನವಿಲ್ಲ. ಹಸಿರಾದುದೆಲ್ಲ ನಿರಪಾಯವೆಂದೂ ಹೇಳಲಾಗದು. 2021ರಲ್ಲಿ ಮುಂಬಯಿಯ ತಜ್ಞರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಆ ನಿರ್ಣಯವನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಯಾವ ಸೊಪ್ಪು ಎಷ್ಟು ದಿನದಿಂದ ಸೇವಿಸುತ್ತಿರುವರೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದೆಂಬುದರಲ್ಲಿ ಎರಡು ಮಾತಿಲ್ಲ.

ಮೌನದ ರೋಗವನ್ನು ಮಾತನಾಡಿಸುವ ಉಪಾಯ ದುಬಾರಿಯದೇನಲ್ಲ. ಸಾಧಾರಣ ರಕ್ತಪರೀಕ್ಷೆಯಲ್ಲಿ ಸಿಗುವ ಎ.ಎಸ್.ಟಿ., ಎ.ಎಲ್.ಟಿ. ಎಂಬ ಎರಡು ಅಂಕಿಗಳು, ಪ್ಲೇಟ್‌ಲೆಟ್ ಎಣಿಕೆ ಮತ್ತು ರೋಗಿಯ ವಯಸ್ಸು ಇವಿಷ್ಟಿದ್ದರೆ ‘ಫಿಬ್-4’ ಎಂಬ ಲೆಕ್ಕವನ್ನು ಪ್ರೌಢಶಾಲೆಯ ಗಣಿತದ ಮಾಸ್ತರರೂ ಮಾಡಬಲ್ಲರು. ವಯಸ್ಸನ್ನು ಎ.ಎಸ್.ಟಿ.ಯಿಂದ ಗುಣಿಸಬೇಕು; ಪ್ಲೇಟ್‌ಲೆಟ್‌ಗಳನ್ನು ಸಾವಿರಗಳಲ್ಲಿ ಬರೆದು ಎ.ಎಲ್.ಟಿ.ಯ ವರ್ಗಮೂಲದಿಂದ ಗುಣಿಸಬೇಕು. ಮೊದಲ ಗುಣಲಬ್ಧವನ್ನು ಎರಡನೆಯದರಿಂದ ಭಾಗಿಸಬೇಕು. ಉದಾಹರಣೆಗೆ ವಯಸ್ಸು 58, ಎ.ಎಸ್.ಟಿ. 36, ಎ.ಎಲ್.ಟಿ. 36, ಪ್ಲೇಟ್‌ಲೆಟ್ 1 ಲಕ್ಷ 60 ಸಾವಿರ ಎಂದಿಟ್ಟುಕೊಂಡರೆ, 2088ನ್ನು 960ರಿಂದ ಭಾಗಿಸಿ ಸುಮಾರು 2.18 ಬರುತ್ತದೆ. ಪ್ರಯೋಗಾಲಯದ ಚೀಟಿಯಲ್ಲಿ ಈ ಮೂರು ಅಂಕಿಗಳೂ ಸಾಮಾನ್ಯ ಮಿತಿಯೊಳಗೇ ಇರುತ್ತವೆ. “ಎಲ್ಲ ನಾರ್ಮಲ್” ಎಂದು ಚೀಟಿ ಮಡಿಸಿ ಕಿಸೆಯಲ್ಲಿಡಲು ಅಡ್ಡಿಯಿಲ್ಲ. ಆದರೆ ಫಲ 1.3ನ್ನು ಮೀರಿದರೆ ಮುಂದಿನ ಪರೀಕ್ಷೆ ಅಗತ್ಯ. 65 ದಾಟಿದವರಿಗೆ ಈ ಗಡಿ 2. ಮೂವತ್ತೈದರೊಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬತಕ್ಕದ್ದಲ್ಲ. ಇದು ರೋಗನಿರ್ಣಯವಲ್ಲ, ಎಚ್ಚರಿಕೆಯ ಗಂಟೆ. ಗಂಟೆ ಬಾರಿಸಿದವರ ಯಕೃತ್ತಿನ ಗಡಸುತನವನ್ನು ಚರ್ಮ ಕೊಯ್ಯದೆ ಅಳೆಯುವ ಯಂತ್ರಗಳು ಈಗ ಬಂದಿವೆ.

ಸಕಾಲದಲ್ಲಿ ತಿಳಿದರೆ ಯಕೃತ್ತಿನಷ್ಟು ಕ್ಷಮಾಗುಣವುಳ್ಳ ಅಂಗ ಮತ್ತೊಂದಿಲ್ಲ. ಸ್ಥೂಲಕಾಯರು ದೇಹದ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿಸಿದರೆ ಕೊಬ್ಬು ಕರಗತೊಡಗುತ್ತದೆ. 7ರಷ್ಟು ಇಳಿದರೆ ಉರಿಯೂತ ತಗ್ಗುತ್ತದೆ. 10ರಷ್ಟು ಇಳಿದವರಲ್ಲಿ ನಾರಿನ ಕಲೆಯೂ ಹಿಂದೆಗೆದುದುಂಟು. 80 ಕಿಲೋ ತೂಗುವವರಿಗೆ ಇದು 4ರಿಂದ 8 ಕಿಲೋದ ಮಾತು. ಸಕ್ಕರೆಯ ಹತೋಟಿ, ದಿನಾಲು ಬಿರುಸಾದ ನಡಿಗೆ, ಸಿಹಿ ಪಾನೀಯಗಳ ತ್ಯಾಗ, ವೈದ್ಯರು ಹೇಳಿದ ಔಷಧದ ತಪ್ಪದ ಸೇವನೆ ಇವೇ ಚಿಕಿತ್ಸೆಯ ನಾಲ್ಕು ಕಂಬಗಳು. ಸಕ್ಕರೆಯ ಗುಳಿಗೆಗಳಿಂದಲೇ ಯಕೃತ್ತು ಕೆಡುತ್ತದೆಂದು ಹೆದರಿ ಅವನ್ನು ಬಿಡುವವರುಂಟು. ಗುಳಿಗೆ ಬಿಟ್ಟಾಗ ಏರುವ ಸಕ್ಕರೆಯೇ ಯಕೃತ್ತಿಗೆ ದೊಡ್ಡ ಶತ್ರು. ಮದ್ಯವಂತೂ ಈ ರೋಗಿಗೆ ಅಲ್ಪ ಪ್ರಮಾಣದಲ್ಲಿಯೂ ಹಿತವಲ್ಲ. ಕುಡಿಯದಿರುವುದು ಒಳ್ಳೆಯದೇ, ಅದೊಂದೇ ಸಾಲದು ಎಂಬುದಷ್ಟೇ ಇಲ್ಲಿಯ ವಾದ.

ಮಕ್ಕಳ ವಿಷಯ ಬೇರೆಯೇ ಆಗಿದೆ. ಕೆಲವು ಮಕ್ಕಳಿಗೆ ಎಳೆವಯಸ್ಸಿನಲ್ಲಿಯೇ ಮೊದಲನೆಯ ಬಗೆಯ ಮಧುಮೇಹ ಬರುತ್ತದೆ. ಅದು ತಿಂಡಿಯಿಂದ ಬಂದದ್ದಲ್ಲ, ತಂದೆತಾಯಿಗಳ ತಪ್ಪೂ ಅಲ್ಲ. ಇನ್ಸುಲಿನ್ ಚುಚ್ಚುಮದ್ದೇ ಆ ಮಗುವಿನ ಉಸಿರು. ಅದು ಕ್ರಮ ತಪ್ಪಿ, ಸಕ್ಕರೆ ಒಮ್ಮೆ ಏರಿ ಒಮ್ಮೆ ಇಳಿದು ಹೊಯ್ದಾಡುತ್ತಿದ್ದರೆ, ಯಕೃತ್ತಿನಲ್ಲಿ ಗ್ಲೈಕೋಜನ್ ಅತಿಯಾಗಿ ತುಂಬಿ ಅದು ಊದಿಕೊಳ್ಳುತ್ತದೆ. ಹೊಟ್ಟೆ ಉಬ್ಬಿ, ಬೆಳವಣಿಗೆ ಕುಂಠಿತವಾದ ಇಂಥ ಮಕ್ಕಳನ್ನು ಫ್ರಾನ್ಸಿನ ವೈದ್ಯ ಪಿಯರ್ ಮೋರಿಯಾಕ್ 1930ರಲ್ಲಿ ವರ್ಣಿಸಿದನು. ಸಮಾಧಾನದ ಸಂಗತಿಯೆಂದರೆ ಸಕ್ಕರೆ ಹತೋಟಿಗೆ ಬಂದೊಡನೆ ಈ ಊತ ಇಳಿಯುತ್ತದೆ. ತರಗತಿಯಲ್ಲಿ ಪದೇಪದೇ ನೀರು ಕುಡಿಯುವ, ಮತ್ತೆಮತ್ತೆ ಮೂತ್ರಕ್ಕೆ ಹೋಗಲು ಅಪ್ಪಣೆ ಬೇಡುವ, ತೂಕ ಇಳಿಯುತ್ತಿರುವ ಮಗುವನ್ನು ಗದರಿಸಿ ಕೂರಿಸುವ ಬದಲು ಪಾಲಕರನ್ನು ಕರೆಸುವ ಶಿಕ್ಷಕನು ಒಂದು ಜೀವವನ್ನು ಉಳಿಸಿದಂತೆಯೇ ಸರಿ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯು 2017ರಲ್ಲಿ ಇಂಥ ವಿದ್ಯಾರ್ಥಿಗಳಿಗೆ ಪರೀಕ್ಷಾ ಕೊಠಡಿಯೊಳಗೆ ಸಕ್ಕರೆ ಗುಳಿಗೆ, ಹಣ್ಣು, ನೀರು ಒಯ್ಯಲು ಅನುಮತಿಯಿತ್ತಿತು. 2025ರಲ್ಲಿ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆಯಿದೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕೆಂದು ಸೂಚಿಸಿತು. ಯಾವ ಮಂಡಳಿಯ ಶಾಲೆಯಾದರೂ ಇವೆರಡನ್ನೂ ಅನುಸರಿಸಲು ಯಾರ ಆಜ್ಞೆಗೂ ಕಾಯಬೇಕಾಗಿಲ್ಲ.

ಮಠದ ಆಶ್ರಯದಲ್ಲಿರುವ ಶಾಲೆಗೆ ಈ ವಿಷಯದಲ್ಲಿ ವಿಶೇಷ ಹೊಣೆಯುಂಟು. ಅನ್ನ ಮತ್ತು ಅಕ್ಷರ ಎರಡನ್ನೂ ಒಂದೇ ಸೂರಿನಡಿಯಲ್ಲಿ ನೀಡಿದ ಕೀರ್ತಿ ಉತ್ತರ ಕರ್ನಾಟಕದ ಮಠಗಳ ಪ್ರಸಾದ ನಿಲಯಗಳದು. ಹಸಿದ ಕಾಲದಲ್ಲಿ ಹೊಟ್ಟೆ ತುಂಬಿಸುವುದೇ ದಾಸೋಹದ ಪೂರ್ಣಾರ್ಥವಾಗಿತ್ತು. ಇಂದು ಏನನ್ನು ತುಂಬಿಸಲಾಗುತ್ತಿದೆ ಎಂಬುದೂ ಅದರೊಳಗೆ ಸೇರಬೇಕು. ಅನ್ನದ ಪಾಲನ್ನು ತುಸು ತಗ್ಗಿಸಿ, ರೊಟ್ಟಿ, ಕಾಳುಪಲ್ಯ, ಸೊಪ್ಪು, ಮಜ್ಜಿಗೆಗಳ ಪಾಲನ್ನು ಹೆಚ್ಚಿಸುವುದು ಈ ಸೀಮೆಗೆ ಹೊಸದಲ್ಲ, ಹಳೆಯದರ ಪುನರಾಗಮನ. ಜೋಳವಾದರೂ ಮಿತಿಯಲ್ಲಿರಬೇಕೆಂಬುದು ಬೇರೆ ಮಾತು.

ಎರಡನೆಯ ಕೆಲಸ ದಾನಿಗಳದು. ಶಾಲೆಗೆ ಕಮಾನು, ಕೊಠಡಿ, ಸಭಾಮಂಟಪ ಕಟ್ಟಿಸಿಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿದಿದೆ, ಉಳಿಯತಕ್ಕದ್ದೇ. ಅಂಥ ದಾನಿಗಳಲ್ಲಿ ಒಬ್ಬಿಬ್ಬರಾದರೂ ಪ್ರತಿವರ್ಷ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ ಮಧುಮೇಹವುಳ್ಳ ಪಾಲಕರು, ಶಿಕ್ಷಕರು, ಅಡುಗೆಯವರು, ಜವಾನರು ಇವರೆಲ್ಲರ ರಕ್ತಪರೀಕ್ಷೆಯ ವೆಚ್ಚ ವಹಿಸಿದರೆ, ಅದು ಕಲ್ಲಿನಲ್ಲಿ ಕಾಣದಿದ್ದರೂ ಮನುಷ್ಯರಲ್ಲಿ ಕಾಣುತ್ತದೆ. ಫಲಿತಾಂಶ ಅವರವರ ಕೈಗೆ ಗುಟ್ಟಾಗಿ ಸೇರಬೇಕು. ಫಲಕದ ಮೇಲೆ ಬರಬಾರದು. ಹೊಳೆ ದಾಟಿದರೆ ಹರಿಹರ. ಅಲ್ಲಿಂದ ಸುಮಾರು 14 ಕಿಲೋಮೀಟರು ದೂರದ ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಇಲ್ಲಿಂದ ಓದಿ ವೈದ್ಯರಾದ ಹಳೆಯ ವಿದ್ಯಾರ್ಥಿಗಳು ಮುಂದಿನ ದಾರಿ ತೋರಿಸಲು ಹಿಂದೆಗೆಯಲಾರರು.

ಇದಕ್ಕೆ ಆಕ್ಷೇಪಗಳು ಬರದಿರವು. ಶಾಲೆಯ ಕೆಲಸ ಪಾಠ ಹೇಳುವುದು, ನಾಡಿ ನೋಡುವುದಲ್ಲ ಎನ್ನುವವರಿದ್ದಾರೆ. ಪ್ರಾಯದ ಅನ್ನದಾತನು ಹಾಸಿಗೆ ಹಿಡಿದರೆ ಮೊದಲು ಶಾಲೆ ಬಿಡುವುದು ಆ ಮನೆಯ ಮಗಳೆಂಬುದನ್ನು ಶಿಕ್ಷಕರಿಗಿಂತ ಚೆನ್ನಾಗಿ ಬಲ್ಲವರಾರು? ಪಾಲಕನ ಆರೋಗ್ಯ ಹೀಗೆ ಹಾಜರಿ ಪುಸ್ತಕದ ವಿಷಯವೂ ಹೌದು. ಪರೀಕ್ಷೆಯಿಂದ ಜನ ಸುಮ್ಮನೆ ಹೆದರುತ್ತಾರೆ ಎಂಬುದು ಇನ್ನೊಂದು ಮಾತು. ಹೆದರಿದವನು ವೈದ್ಯರ ಬಳಿಗೆ ಹೋದಾನು. ಹೆದರದವನು ಜಲೋದರ ಬಂದಮೇಲೆ ಹೋಗುತ್ತಾನೆ. ಬಡವನಿಗೆ ಪಥ್ಯದ ಆಯ್ಕೆ ಎಲ್ಲಿದೆ, ಪಡಿತರದ ಅಕ್ಕಿಯೇ ಅವನ ಆಧಾರವಲ್ಲವೆ ಎಂಬ ಮೂರನೆಯ ಆಕ್ಷೇಪ ಮಾತ್ರ ನಿಜವಾಗಿಯೂ ತೂಕವುಳ್ಳದ್ದು. ಆ ಅಕ್ಕಿ ಹಸಿವನ್ನು ನೀಗಿದೆ. ಅದನ್ನು ಹಳಿಯುವುದು ಸಲ್ಲದು. ಆದುದರಿಂದಲೇ ಉಪದೇಶವನ್ನು ಬಡವನಿಗೆ ಹೇಳಿ ಸುಮ್ಮನಾಗದೆ, ಒಲೆಯೂ ಉಗ್ರಾಣವೂ ಉಳ್ಳ ಸಂಸ್ಥೆಗಳು ತಮ್ಮ ಅಡುಗೆಮನೆಯಿಂದಲೇ ಬದಲಾವಣೆ ಆರಂಭಿಸಬೇಕು.

ಹಿಂದೆ ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ವಿಷಗಾಳಿ ಕಣ್ಣಿಗೆ ಕಾಣುವುದಿಲ್ಲವೆಂದು ಬಲ್ಲ ಹಿರಿಯರು ಕೆಲಕಾಲ ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳನ್ನು ಇಳಿಸುತ್ತಿದ್ದರು. ದೀಪಕ್ಕೆ ತಗಲುತ್ತಿದ್ದ ಖರ್ಚನ್ನು ಯಾರೂ ದಂಡವೆಂದು ಎಣಿಸಲಿಲ್ಲ. ದೀಪ ಆರಿದಾಗ ಆಳಿನ ನಡತೆಯನ್ನೂ ಯಾರೂ ವಿಚಾರಿಸಲಿಲ್ಲ. ದೇಹದೊಳಗಿನ ಹಗೇವಿಗೂ ವರ್ಷಕ್ಕೊಮ್ಮೆ ಅಂಥದೊಂದು ದೀಪ ಇಳಿಬಿಡುವ ವಿವೇಕ ಈ ಊರಿಗೆ ಬರಲಿ. ಯಕೃತ್ತು ಕೆಟ್ಟಿತೆಂಬ ಸುದ್ದಿ ಕೇಳಿದಾಗ “ಕುಡೀತಿದ್ರೇನು?” ಎಂಬ ಪ್ರಶ್ನೆಗಿಂತ ಮೊದಲು “ಸಕ್ಕರೆ ಹತೋಟಿಯಲ್ಲಿತ್ತೇ? ಪರೀಕ್ಷೆ ಮಾಡಿಸಿದ್ದರೇ?” ಎಂಬ ಪ್ರಶ್ನೆ ಕಟ್ಟೆಯ ಮೇಲೆ ಕೇಳಿಬಂದ ದಿನ, ಶಾಲೆಯು ಊರಿಗೆ ಕಲಿಸಿದ ಪಾಠಗಳಲ್ಲಿ ಇದೂ ಒಂದಾಗಿ ಸಾರ್ಥಕವಾದೀತು.